ನಳಿಕೆಯ ಕಾವಲು

ಪಶುವೈದ್ಯನಾದವನನ್ನು ಜನ ಕೇಳುವ ಮೊದಲ ಪ್ರಶ್ನೆ ಯಾವುದೆಂಬುದನ್ನು ವಾಚಕರು ಸುಲಭವಾಗಿ ಊಹಿಸಬಲ್ಲರು. “ಬಾಯಿಲ್ಲದ ಪ್ರಾಣಿ, ಎಲ್ಲಿ ನೋವೆಂದು ನಿಮಗೆ ಹೇಗೆ ತಿಳಿಯುತ್ತದೆ?” ಮದುವೆಯ ಪಂಕ್ತಿಯಲ್ಲಿ, ರೈಲಿನ ಡಬ್ಬಿಯಲ್ಲಿ, ಬ್ಯಾಂಕಿನ ಸಾಲಿನಲ್ಲಿ ಈ ಪ್ರಶ್ನೆಯನ್ನು ನಾನು ಎಷ್ಟು ಸಾರಿ ಎದುರಿಸಿದ್ದೇನೆಯೋ ಲೆಕ್ಕವಿಲ್ಲ. ನನ್ನ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ಪ್ರಾಣಿ ಹೇಳುತ್ತದೆ, ಕೇಳುವ ತಾಳ್ಮೆ ನಮಗಿರಬೇಕು. ಇದನ್ನು ಕೇಳಿ ಜನ ಮೆಚ್ಚಿ ತಲೆದೂಗುತ್ತಾರೆ. ಆದರೆ ಪ್ರಾಣಿಗೆ ಬಾಯಿಲ್ಲದಿರುವುದರಿಂದ ವೈದ್ಯನಿಗೆ ಒಂದು ಅನುಕೂಲವೂ ಉಂಟು. ಅದನ್ನು ಯಾರೂ ಕೇಳಲಿಲ್ಲ. ನಾನಾಗಿ ಹೇಳಲೂ ಇಲ್ಲ. ವೈದ್ಯನ ತಪ್ಪನ್ನು ಅದು ಯಾರಲ್ಲಿಯೂ ದೂರಲಾರದು.

ಆ ಮಾತನ್ನೇ ಇಂದು ಬರೆಯಬೇಕೆಂದು ಕುಳಿತಿದ್ದೇನೆ. ಅದಕ್ಕೆ ಮುಂಚೆ ಎದೆಗೂಡಿನ ವಿಷಯವನ್ನು ಸ್ವಲ್ಪ ವಿವರಿಸದೆ ಗತ್ಯಂತರವಿಲ್ಲ.

ಶ್ವಾಸಕೋಶ ತಾನಾಗಿ ಹಿಗ್ಗುವ ಅಂಗವಲ್ಲ. ಅದನ್ನು ಹಿಗ್ಗಿಸಬಲ್ಲ ಸ್ನಾಯು ಅದರೊಳಗೆ ಇಲ್ಲ; ಅದರ ಪಾಡಿಗೆ ಬಿಟ್ಟರೆ ಬಲೂನಿನಂತೆ ಕುಗ್ಗಿ ಮುದುಡುವುದೇ ಅದರ ಸ್ವಭಾವ. ಅದನ್ನು ಹಿಗ್ಗಿಸುವುದು ಸುತ್ತಣ ಎದೆಗೂಡು ಮತ್ತು ಕೆಳಗಿನ ವಪೆ. ಶ್ವಾಸಕೋಶದ ಮೇಲೊಂದು, ಎದೆಗೂಡಿನ ಒಳಮೈಗೊಂದು ಹೀಗೆ ಎರಡು ತೆಳುಪೊರೆಗಳಿವೆ. ನಡುವೆ ಇರುವುದು ಚಮಚೆಯಷ್ಟು ಜಿಡ್ಡುನೀರು ಮಾತ್ರ. ಎರಡು ಗಾಜಿನ ಹಲಗೆಗಳ ನಡುವೆ ನೀರು ಸವರಿದರೆ ಅವು ಒಂದರ ಮೇಲೊಂದು ಜಾರುತ್ತವೆ, ಆದರೆ ಕಿತ್ತರೆ ಬರುವುದಿಲ್ಲವಷ್ಟೆ, ಇಲ್ಲಿಯೂ ಹಾಗೆಯೇ. ಆ ಸಂದಿನೊಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ತುಸು ಕಡಿಮೆ. ಆ ತುಸು ಕಡಿಮೆಯ ಮೇಲೆಯೇ ನಮ್ಮ ನಿಮ್ಮೆಲ್ಲರ ಉಸಿರು ನಿಂತಿದೆ. ಗಾಯವಾಗಿ ಹೊರಗಿನ ಗಾಳಿ ಒಳನುಗ್ಗಿದರೆ, ಅಥವಾ ರಕ್ತವೋ ಕೀವೋ ತುಂಬಿಕೊಂಡರೆ, ಎದೆ ಎಷ್ಟು ಹಿಗ್ಗಿದರೂ ಶ್ವಾಸಕೋಶ ಅದರ ಹಿಂದೆ ಬರುವುದಿಲ್ಲ. ಪ್ರಾಣಿ ಗಾಳಿಯ ನಡುವೆಯೇ ಗಾಳಿಯಿಲ್ಲದೆ ಸಾಯುತ್ತದೆ.

ಇದಕ್ಕೆ ಪರಿಹಾರ ಪಕ್ಕೆಲುಬುಗಳ ಸಂದಿನಲ್ಲಿ ಒಂದು ನಳಿಕೆಯನ್ನು ಇರಿಸಿ, ಒಳಗೆ ಸೇರಬಾರದ್ದನ್ನು ಹೊರತೆಗೆಯುವುದು. ಹೇಳುವುದಕ್ಕೆ ಸುಲಭ. ಆದರೆ ಪ್ರಾಣ ಉಳಿಸುವ ನಳಿಕೆಗೂ ಪ್ರಾಣ ತೆಗೆಯುವ ರಂಧ್ರಕ್ಕೂ ಇರುವ ಅಂತರ ಒಂದು ಬಿರಡೆ ಮಾತ್ರ. ನಳಿಕೆಯ ಹೊರತುದಿ ಒಂದು ಗಳಿಗೆ ತೆರೆದುಕೊಂಡರೂ ಎದೆ ತನ್ನ ಉಸಿರಿನಿಂದಲೇ ತನ್ನೊಳಗೆ ಗಾಳಿಯನ್ನು ಎಳೆದುಕೊಳ್ಳುತ್ತದೆ.

1988ರಲ್ಲಿ ನಾನು ಹಾಸನದ ಕಡೆಯ ಒಂದು ಹೋಬಳಿಯಲ್ಲಿ ಕೆಲಸ ಮಾಡುತ್ತಿದ್ದೆ. ಸೇವೆಗೆ ಸೇರಿ ಮೂರು ವರ್ಷವಾಗಿರಲಿಲ್ಲ. ಒಂದು ಸಂಜೆ ರೈತರೊಬ್ಬರು ತಮ್ಮ ನಾಯಿಯನ್ನು ಗೋಣಿತಾಟಿನಲ್ಲಿ ಮಲಗಿಸಿಕೊಂಡು ಗಾಡಿಯಲ್ಲಿ ತಂದರು. ಕರಿಯನೆಂದು ಅದರ ಹೆಸರು. ಲಾರಿ ತಗುಲಿ ಉರುಳಿಬಿದ್ದಿತ್ತು. ಮೂಳೆ ಮುರಿದಿರಲಿಲ್ಲ, ಆದರೆ ಒಳಗೆ ಶ್ವಾಸಕೋಶ ಹರಿದು ಗಾಳಿ ಸೋರುತ್ತಿತ್ತು. ಸೂಜಿಯಿಂದ ಎಷ್ಟು ಗಾಳಿ ಎಳೆದರೂ ಮತ್ತೆ ತುಂಬಿಕೊಳ್ಳುತ್ತಿತ್ತು. ಕಾಲೇಜಿನಲ್ಲಿ ಒಂದೇ ಒಂದು ಸಲ ನೋಡಿದ್ದ ಕೆಲಸವನ್ನು ಅಂದು ಧೈರ್ಯ ಮಾಡಿ ನನ್ನ ಕೈಯಿಂದಲೇ ಮಾಡಿದೆ. ಕೆಂಪು ರಬ್ಬರಿನ ನಳಿಕೆಯೊಂದನ್ನು ಎದೆಗಿಳಿಸಿ, ಗಾಳಿಯನ್ನು ಹೊರತೆಗೆದು, ತುದಿಯನ್ನು ಇಕ್ಕಳದಿಂದ ಬಿಗಿದೆ. ಕರಿಯನ ನಾಲಗೆಗೆ ಕೆಂಪು ಮರಳಿತು. ಅವನು ಕತ್ತೆತ್ತಿ ಯಜಮಾನನನ್ನು ನೋಡಿದ. ಆ ಕ್ಷಣದ ಹೆಮ್ಮೆಯನ್ನು ನಾನಿನ್ನೂ ಮರೆತಿಲ್ಲ.

ರೈತರು ಊರಿಗೆ ಹೋದರು. ನಮ್ಮ ಜವಾನ, “ರಾತ್ರಿ ನಾನು ಇಲ್ಲೇ ಇರಲಾ ಸಾರ್?” ಎಂದು ಕೇಳಿದ. “ಬೇಡ, ಮಂಪರಿನ ಔಷಧವಿದೆ, ಬೆಳಗಿನವರೆಗೂ ಏಳುವುದಿಲ್ಲ,” ಎಂದು ಹೇಳಿ ಬಾಗಿಲಿಗೆ ಬೀಗ ಹಾಕಿಸಿದೆ. ಊರಿನ ಟೂರಿಂಗ್ ಟಾಕೀಸಿನಲ್ಲಿ ಎರಡನೆಯ ಆಟ ನೋಡಿ ಹೋಗಿ ಮಲಗಿದೆ. ಬೆಳಿಗ್ಗೆ ಬೀಗ ತೆಗೆದಾಗ ಕರಿಯ ಗೋಡೆಯ ಮಗ್ಗುಲಲ್ಲಿ ಸತ್ತುಬಿದ್ದಿದ್ದ. ಮಂಪರು ಇಳಿದ ಮೇಲೆ ಪಕ್ಕೆಯಲ್ಲಿ ಚುಚ್ಚುತ್ತಿದ್ದ ವಸ್ತುವನ್ನು ಅವನು ಹಲ್ಲಿನಿಂದ ಕಡಿದಿದ್ದಾನೆ. ಇಕ್ಕಳ ಕಚ್ಚಿಕೊಂಡಿದ್ದ ರಬ್ಬರಿನ ತುಂಡು ನೆಲದ ಮೇಲಿತ್ತು. ಉಳಿದ ಮೋಟು ಎದೆಯಿಂದ ಬಾಯಿ ತೆರೆದುಕೊಂಡು ನಿಂತಿತ್ತು. ತಳ ಕತ್ತರಿಸಿದ ಪ್ಲಾಸ್ಟಿಕ್ ಬಕೆಟ್ಟೊಂದನ್ನು ಅವನ ಕೊರಳಿಗೆ ಕಟ್ಟಿದ್ದರೆ ಸಾಕಾಗಿತ್ತು. ಜವಾನನನ್ನು ಇರಗೊಟ್ಟಿದ್ದರೆ ಸಾಕಾಗಿತ್ತು.

ಮೋಟನ್ನು ಎಳೆದು ತೆಗೆದು ಬಟ್ಟೆ ಸುತ್ತಿದೆ. ಅಷ್ಟರಲ್ಲಿ ರೈತರು ಕರಿಯನಿಗೆಂದು ಚೊಂಬಿನಲ್ಲಿ ಹಾಲು ಹಿಡಿದುಕೊಂಡು ಬಂದರು. “ಪೆಟ್ಟು ಬಲವಾಗಿತ್ತು ಗೌಡರೇ, ನಮ್ಮ ಕೈಮೀರಿತು,” ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು, “ನೀವೇನ್ ಮಾಡೋಕಾಗ್ತದೆ ಸ್ವಾಮಿ, ಅದರ ಆಯಸ್ಸು ಅಷ್ಟೇ ಇತ್ತು,” ಎಂದರು. ವಾರ ಕಳೆದ ಮೇಲೆ ಸಂತೆಗೆ ಬಂದವರು ನಾಲ್ಕು ತೆಂಗಿನಕಾಯಿ ಕೊಟ್ಟು ಹೋದರು. ರಾತ್ರಿ ಕಷ್ಟಪಟ್ಟಿದ್ದೀರಿ ಎಂದು.

ಆ ಕಾಯಿಗಳನ್ನು ನಾನು ತೆಗೆದುಕೊಂಡೆ.

ಇದಾಗಿ ಇಪ್ಪತ್ತೊಂದು ವರ್ಷಗಳು ಕಳೆದವು. ಸರ್ಕಾರಿ ಸೇವೆ ಬಿಟ್ಟು ಮೈಸೂರಿನಲ್ಲಿ ಸ್ವಂತ ಚಿಕಿತ್ಸಾಲಯ ತೆರೆದಿದ್ದೆ. 2009ರ ಶ್ರಾವಣದಲ್ಲಿ ಒಂದು ಮಧ್ಯಾಹ್ನ ಆಟೋರಿಕ್ಷಾದಿಂದ ಇಳಿದವರನ್ನು ನೋಡಿ ತಟ್ಟನೆ ಎದ್ದು ನಿಂತೆ. ಹೈಸ್ಕೂಲಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟರು ಅವರು. ಎಂಬತ್ತರ ಹತ್ತಿರದ ವಯಸ್ಸು, ಅದೇ ಬಿಳಿಯ ಪಂಚೆ, ಅದೇ ಮುಚ್ಚುಕೊರಳಿನ ಕೋಟು. ಜೊತೆಯಲ್ಲಿ ಹನ್ನೆರಡು ವರ್ಷದ ಮೊಮ್ಮಗಳು. ನಡುವೆ ರಾಜನೆಂಬ ಮುಧೋಳದ ನಾಯಿ. ಬಾಗಲಕೋಟೆ ಜಿಲ್ಲೆಯ ಈ ಬೇಟೆನಾಯಿಯ ಚಿತ್ರವನ್ನು ಅಂಚೆ ಇಲಾಖೆ 2005ರಲ್ಲಿ ಚೀಟಿಯ ಮೇಲೆ ಅಚ್ಚುಹಾಕಿತ್ತು. ಆ ಚೀಟಿಯನ್ನು ಹುಡುಗಿ ರಾಜನ ಹಾಸಿಗೆಯ ಮೇಲಣ ಗೋಡೆಗೆ ಅಂಟಿಸಿದ್ದಳೆಂದು ಆಮೇಲೆ ತಿಳಿಯಿತು.

ರಾಜ ಮಲಗಲೊಲ್ಲ. ಕುಳಿತು, ಮೊಣಕೈಗಳನ್ನು ಹೊರಕ್ಕೆ ಚಾಚಿ, ಕೊರಳನ್ನು ಮುಂದಕ್ಕೆ ನೀಡಿ, ಹೊಟ್ಟೆಯಿಂದ ಉಸಿರೆಳೆಯುತ್ತಿದ್ದ. ಪ್ರಾಣಿ ಹೇಳುತ್ತದೆ ಎಂದೆನಲ್ಲ, ಹೇಳುವುದು ಹೀಗೆ. ಕೊಳವೆಯಿಟ್ಟು ಕೇಳಿದರೆ ಎದೆಯ ಕೆಳಭಾಗದಲ್ಲಿ ಉಸಿರಿನ ಸದ್ದೇ ಇಲ್ಲ. ಹೃದಯದ ಬಡಿತ ಬಹುದೂರದಿಂದ ಬಂದಂತಿತ್ತು. ಇಂಥ ಪ್ರಾಣಿಯನ್ನು ಮೊದಲು ಎಕ್ಸ್‌ರೇ ಮೇಜಿಗೆ ಒತ್ತಿ ಮಲಗಿಸುವುದು ಅಪಾಯ. ಆ ಸೆಣಸಾಟದಲ್ಲಿಯೇ ಅದು ಸಾಯಬಹುದು. ಮೂಗಿಗೆ ಆಮ್ಲಜನಕ ಹಿಡಿದು, ಕುಳಿತಂತೆಯೇ ಸೂಜಿ ಹಾಕಿದೆ. ಟೊಮೆಟೊ ಸಾರಿನ ಬಣ್ಣದ, ಮೂಗು ಮುಚ್ಚಿಕೊಳ್ಳುವಂಥ ದುರ್ವಾಸನೆಯ ಕೀವು ಬಂತು. ಐನೂರು ಮಿಲಿಲೀಟರ್ ತೆಗೆಯುವಷ್ಟರಲ್ಲಿ ರಾಜ ತಾನಾಗಿ ಮಲಗಿದ.

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ಎದೆಯುದ್ದ ಹುಲ್ಲಿನೊಳಗೆ ಓಡುವುದು ರಾಜನ ನಿತ್ಯದ ಆಟವಂತೆ. ಓಡುವ ನಾಯಿ ಬಾಯ್ದೆರೆದು ಉಸಿರೆಳೆಯುವಾಗ ಮುಳ್ಳುಮೊನೆಯ ಹುಲ್ಲುತೆನೆ ಶ್ವಾಸನಾಳಕ್ಕೆ ಸೇರುವುದುಂಟು. ಅದರ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಅದು ಮುಂದಕ್ಕೆ ಮಾತ್ರ ಸರಿಯಬಲ್ಲದು. ಸರಿಯುತ್ತ ಸರಿಯುತ್ತ ಶ್ವಾಸಕೋಶವನ್ನು ಕೊರೆದು, ರೋಗಾಣುಗಳನ್ನು ಎದೆಯ ಸಂದಿಗೆ ಹೊತ್ತೊಯ್ಯುತ್ತದೆ. ಬೆಕ್ಕುಗಳಲ್ಲಿ ಇದೇ ರೋಗ ಬಾಯಿಯಲ್ಲಿರುವ ರೋಗಾಣುಗಳಿಂದ ಬರುವುದೇ ಹೆಚ್ಚು. ರಾಜನಿಗೆ ಬಂದದ್ದು ಹುಲ್ಲಿನಿಂದಲೇ ಇರಬೇಕೆಂದು ನನ್ನ ಊಹೆ.

“ನಳಿಕೆ ಹಾಕಬೇಕು ಸಾರ್,” ಎಂದೆ. ಹೇಳುವಾಗ ನನ್ನ ಬಾಯಿ ಒಣಗಿತ್ತು. ಕರಿಯನ ತರುವಾಯ ಅನೇಕ ನಳಿಕೆಗಳನ್ನು ಹಾಕಿದ್ದೆ. ಒಂದನ್ನೂ ರಾತ್ರಿ ಒಂಟಿಯಾಗಿ ಬಿಟ್ಟಿರಲಿಲ್ಲ. ಆದರೂ ಪ್ರತಿ ಸಲವೂ ಆ ರಬ್ಬರಿನ ಮೋಟು ಕಣ್ಣಿಗೆ ಕಟ್ಟುತ್ತಿತ್ತು.

ಅರಿವಳಿಕೆ ಕೊಟ್ಟು, ಶ್ವಾಸನಾಳಕ್ಕೆ ಕೊಳವೆ ಹಾಕಿ, ಸಹಾಯಕನನ್ನು ಉಸಿರಿನ ಚೀಲದ ಬಳಿ ನಿಲ್ಲಿಸಿದೆ. ನಾಯಿಗೆ ಪಕ್ಕೆಲುಬುಗಳು ಹದಿಮೂರು ಜೊತೆ, ಮನುಷ್ಯನಿಗಿಂತ ಒಂದು ಹೆಚ್ಚು. ಕೊನೆಯದರಿಂದ ಹಿಂದಕ್ಕೆ ಎಣಿಸುತ್ತ ಬಂದು ಹತ್ತನೆಯದರ ಮೇಲೆ ಚರ್ಮವನ್ನು ಸಣ್ಣದಾಗಿ ಸೀಳಬೇಕು. ಎದೆಗೂಡನ್ನು ಹೊಗುವುದು ಮಾತ್ರ ಅಲ್ಲಿಯಲ್ಲ. ಚರ್ಮದ ಅಡಿಯಲ್ಲಿಯೇ ಮುಂದಕ್ಕೆ ಸುರಂಗ ಮಾಡಿಕೊಂಡು ಏಳನೆಯ ಇಲ್ಲವೇ ಎಂಟನೆಯ ಸಂದಿನಲ್ಲಿ ಒಳಹೋಗಬೇಕು. ನಳಿಕೆ ತೆಗೆದ ದಿನ ಈ ಸುರಂಗ ತಾನಾಗಿ ಮುಚ್ಚಿಕೊಂಡು ಗಾಳಿಗೆ ತಡೆಯಾಗುತ್ತದೆ. ಪ್ರತಿ ಪಕ್ಕೆಲುಬಿನ ಹಿಂಬದಿಯ ಅಂಚಿನಲ್ಲಿ ರಕ್ತನಾಳಗಳೂ ನರವೂ ಹರಿಯುತ್ತವೆ. ಆದ್ದರಿಂದ ಮುಂಬದಿಯ ಅಂಚನ್ನು ಸವರಿಕೊಂಡೇ ಒಳಹೋಗಬೇಕು. ಒಳಹೋಗುವಾಗ ಒಂದು ಕೈ ಒತ್ತುತ್ತಿದ್ದರೆ ಇನ್ನೊಂದು ಕೈ ಚರ್ಮದ ಹತ್ತಿರ ಬಿಗಿಹಿಡಿದು ತಡೆಯುತ್ತಿರಬೇಕು. ಇಲ್ಲವಾದರೆ ಸ್ನಾಯು ಬಿಟ್ಟುಕೊಟ್ಟ ಕ್ಷಣದಲ್ಲಿ ಮೊನೆ ಶ್ವಾಸಕೋಶಕ್ಕೋ ಹೃದಯಕ್ಕೋ ನುಗ್ಗೀತು. ನಳಿಕೆಯ ಪಕ್ಕದಲ್ಲಿರುವ ರಂಧ್ರಗಳೆಲ್ಲ ಎದೆಯೊಳಗೆ ಸೇರಿದುವೇ ಎಂಬುದನ್ನು ಎಕ್ಸ್‌ರೇಯಲ್ಲಿ ನೋಡಿ ಖಚಿತಪಡಿಸಿಕೊಳ್ಳಬೇಕು. ಹೊರಗೆ ಅದನ್ನು ಹಿಡಿದಿಡುವ ಹೊಲಿಗೆಯೊಂದುಂಟು. ನಳಿಕೆಯ ಸುತ್ತ ದಾರವನ್ನು ಅಡ್ಡಡ್ಡವಾಗಿ ಹೆಣೆಯುತ್ತಾರೆ. ಎಳೆದಷ್ಟೂ ಅದು ಬಿಗಿಯುತ್ತದೆ.

ನಾಯಿಯ ಎದೆಯ ನಡುತಡಿಕೆ ಬಹಳ ತೆಳುವು. ಅನೇಕ ವೇಳೆ ಒಂದು ಬದಿಯ ನಳಿಕೆಯಿಂದಲೇ ಎರಡೂ ಬದಿ ಬರಿದಾಗುತ್ತವೆ. ಕೀವು ಹೆಪ್ಪುಗಟ್ಟಿದ್ದರೆ ಎರಡು ಬೇಕಾಗುತ್ತವೆ. ರಾಜನಿಗೆ ಒಂದೇ ಸಾಕಾಯಿತು. ಆದರೆ ಕೀವು ಹೋದ ಮೇಲೆ ಸಣ್ಣ ಗುಳ್ಳೆಗಳು ಬರತೊಡಗಿದವು. ಕೊರೆದ ಶ್ವಾಸಕೋಶದಿಂದ ಗಾಳಿ ಸೋರುತ್ತಿತ್ತು. ಹೀಗಾಗಿ ನಳಿಕೆಯನ್ನು ಇನ್ನೊಂದು ಕೊಳವೆಗೆ ಸೇರಿಸಿ, ಅದರ ತುದಿಯನ್ನು ನೆಲದ ಮೇಲಿಟ್ಟ ಸೀಸೆಯ ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿಸಿದೆ.

ಮೇಷ್ಟರು ಮೊಮ್ಮಗಳನ್ನು ಹತ್ತಿರ ಕರೆದರು. “ನೋಡಮ್ಮ, ಒಳಗಿನ ಗಾಳಿ ನೀರನ್ನು ತಳ್ಳಿಕೊಂಡು ಹೊರಗೆ ಬರಬಹುದು. ಹೊರಗಿನದು ಒಳಗೆ ಹೋಗಬೇಕಾದರೆ ನೀರು ಕೊಳವೆಯಲ್ಲಿ ಮೇಲೇರಬೇಕು. ಸೀಸೆ ಕೆಳಗಿರುವುದರಿಂದ ಅಷ್ಟು ಎತ್ತರ ಏರಲಾರದು.” ಆಮೇಲೆ ನನ್ನ ಕಡೆ ತಿರುಗಿ, “ಲೋಟದ ನೀರಿಗೆ ರಟ್ಟು ಮುಚ್ಚಿ ತಲೆಕೆಳಗು ಮಾಡಿ ತೋರಿಸಿದ್ದೆನಲ್ಲ, ಜ್ಞಾಪಕವಿದೆಯೇನಯ್ಯ?” ಎಂದರು. ಜ್ಞಾಪಕವಿತ್ತು. ಅಂದು ಮುಂದಿನ ಬೆಂಚಿನಲ್ಲಿ ತೊಯ್ದವನು ನಾನೇ.

ಹುಡುಗಿಯನ್ನು ಮನೆಗೆ ಕಳುಹಿಸಿ, ಮೇಷ್ಟರು ತಾವು ಉಳಿಯುವುದಾಗಿ ಹಟ ಹಿಡಿದರು. ರಾಜನ ಕೊರಳಿಗೆ ದೊಡ್ಡ ಪ್ಲಾಸ್ಟಿಕ್ ಕೊರಳಪಟ್ಟಿ ಬಿಗಿದಿತ್ತು. ಪಕ್ಕೆಲುಬಿನ ನರಗಳಿಗೆ ಮರವೆಯ ಔಷಧ ಕೊಟ್ಟಿದ್ದೆ, ಏಕೆಂದರೆ ನೋವಿದ್ದರೆ ಪ್ರಾಣಿ ಎದೆ ತುಂಬ ಉಸಿರಾಡುವುದಿಲ್ಲ. ನಾಲ್ಕು ಗಂಟೆಗೊಮ್ಮೆ ಎಷ್ಟು ಬಂತೆಂದು ಅಳೆಯುವುದು, ಮಿನಿಟಿಗೆ ಎಷ್ಟು ಉಸಿರೆಂದು ಎಣಿಸುವುದು. ಮೇಷ್ಟರು ಇದಕ್ಕಾಗಿ ನೂರು ಪುಟದ ನೋಟ್‌ಬುಕ್ ತರಿಸಿ, ಅಡಿಕೋಲಿನಿಂದ ಗೆರೆ ಹೊಡೆದು ಲೆಕ್ಕ ಬರೆಯತೊಡಗಿದರು. ಕೊಳವೆ ಎಲ್ಲಿಯಾದರೂ ಬಿಟ್ಟುಕೊಂಡರೆ ಎದೆಯ ಹತ್ತಿರ ಮಡಿಚಿ ಹಿಸುಕಿ ಹಿಡಿದು ನನ್ನನ್ನು ಕೂಗಬೇಕೆಂದು ಅವರಿಗೆ ಮೂರು ಸಲ ಹೇಳಿದೆ. ನಾಲ್ಕನೆಯ ಸಲ ಹೇಳಹೋದಾಗ, “ನಾನೂ ಪಾಠ ಹೇಳಿದವನೇ ಕಣಯ್ಯ,” ಎಂದರು.

ಕಾಲ ಕಳೆಯಲು ಈ ವಿದ್ಯೆಯ ಕಥೆಯನ್ನು ಅವರಿಗೆ ಹೇಳಿದೆ. ಎದೆಯ ಕೀವನ್ನು ಪಕ್ಕೆ ಸೀಳಿ ತೆಗೆಯುವ ಕ್ರಮ ಗ್ರೀಕ್ ವೈದ್ಯ ಹಿಪ್ಪೊಕ್ರೇಟಿಸನ ಹೆಸರಿನ ಗ್ರಂಥಗಳಲ್ಲಿಯೇ ಇದೆ. ನೀರಿನೊಳಗೆ ನಳಿಕೆಯ ತುದಿಯನ್ನು ಮುಳುಗಿಸುವ ಉಪಾಯವನ್ನು ಜರ್ಮನಿಯ ಬ್ಯೂಲೌ ಎಂಬ ವೈದ್ಯ 1891ರಲ್ಲಿ ಪ್ರಕಟಿಸಿದ. ಆದರೂ ಅದಕ್ಕೆ ಎಲ್ಲೆಡೆ ಮನ್ನಣೆ ದೊರೆಯಲಿಲ್ಲ. 1918ರಲ್ಲಿ ಅಮೆರಿಕದ ಸೈನ್ಯದ ಶಿಬಿರಗಳಲ್ಲಿ ಯುವಕರು ಎದೆಯಲ್ಲಿ ಕೀವು ತುಂಬಿ ಗುಂಪುಗುಂಪಾಗಿ ಸಾಯುತ್ತಿದ್ದರು. ಕೀವು ಕಂಡೊಡನೆ ಎದೆಯನ್ನು ತೆರೆದಿಡುತ್ತಿದ್ದುದೇ ಅನೇಕರ ಸಾವಿಗೆ ಕಾರಣವೆಂದು ತೋರಿಸಿದವರಲ್ಲಿ ಎವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯ ಮುಖ್ಯನು. ಒಂದು ಬದಿ ತೆರೆದರೆ ಇನ್ನೊಂದು ಬದಿಯ ಉಸಿರೂ ಕೆಡುತ್ತದೆಂಬುದನ್ನು ಅವನೂ ಅವನ ಸಂಗಡಿಗ ಬೆಲ್ಲನೂ ಪ್ರಯೋಗ ಮಾಡಿ ನೋಡಿದ್ದು ನಾಯಿಗಳ ಮೇಲೆ.

ಮೇಷ್ಟರು ರಾಜನ ತಲೆಯ ಮೇಲೆ ಕೈಯಿಟ್ಟು, “ಹಾಗಾದರೆ ಇದು ಇವರ ಸಾಲ ಅನ್ನು,” ಎಂದರು.

ಎರಡನೆಯ ರಾತ್ರಿ ಮೂರು ಗಂಟೆ ಇರಬಹುದು. ಬೆಂಚಿನ ಮೇಲೆ ಕುಳಿತಲ್ಲಿಯೇ ನನಗೆ ನಿದ್ದೆ ಹತ್ತಿತ್ತು. “ಏಯ್, ಏಳಯ್ಯ!” ಎಂಬ ಕೂಗಿಗೆ ಎಚ್ಚರವಾಯಿತು. ರಾಜ ಮಗ್ಗುಲು ಬದಲಿಸುವಾಗ ಎರಡು ಕೊಳವೆಗಳು ಕೂಡುವ ಕೀಲು ಕಳಚಿಕೊಂಡಿತ್ತು. ಮೇಷ್ಟರು ನೆಲದ ಮೇಲೆ ಮೊಣಕಾಲೂರಿ, ನಡುಗುವ ಎರಡೂ ಕೈಗಳಿಂದ ನಳಿಕೆಯನ್ನು ಮಡಿಚಿ ಹಿಸುಕಿ ಹಿಡಿದಿದ್ದರು. ಕಳಚಿದಾಗ ಹಾವಿನಂತೆ ಬುಸ್ಸೆಂದ ಸದ್ದು ಕೇಳಿತಂತೆ. ರಾಜ ಬಾಯ್ದೆರೆದು ಉಸಿರಾಡುತ್ತಿದ್ದ. ಕೀಲನ್ನು ಕೂಡಿಸಿ, ಮೂರು ದಾರಿಯ ಬಿರಡೆ ತಿರುಗಿಸಿ ಪಿಚಕಾರಿಯಿಂದ ಎಳೆದೆ. ಮುನ್ನೂರೈವತ್ತು ಮಿಲಿಲೀಟರ್ ಗಾಳಿ ಬಂತು. ಹತ್ತು ಮಿನಿಟಿನಲ್ಲಿ ಉಸಿರು ಸಮನಾಯಿತು. ಮೇಷ್ಟರು ಎದ್ದು ಕುಳಿತು, ಕನ್ನಡಕ ಒರೆಸಿಕೊಂಡು, ನೋಟ್‌ಬುಕ್ಕಿನಲ್ಲಿ ಮೂರು ಗಂಟೆ ಐದು ಮಿನಿಟು ಎಂದು ಬರೆದರು.

ನನಗೆ ಕೈಕಾಲು ನಿಲ್ಲಲಿಲ್ಲ. ಅವರು, “ಯಾಕಯ್ಯ, ಸರಿಹೋಯಿತಲ್ಲ?” ಎಂದರು. ಆಗ ಕರಿಯನ ಕಥೆಯನ್ನೆಲ್ಲ ಹೇಳಿದೆ. ಜವಾನನ ಮಾತು, ಟಾಕೀಸು, ಬಕೆಟ್ಟು, ಹಾಲಿನ ಚೊಂಬು, ತೆಂಗಿನಕಾಯಿ ಒಂದನ್ನೂ ಬಿಡಲಿಲ್ಲ. ಹೆಂಡತಿಗೂ ಹೇಳದಿದ್ದುದನ್ನು ಅಂದು ಹೇಳಿದೆ.

ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಆತನಿಗೆ ಹೇಳಿದೆಯಾ?” ಎಂದರು.

“ಇಲ್ಲ ಸಾರ್.”

“ಲೆಕ್ಕ ತಪ್ಪಿದ ಹುಡುಗನಿಗೆ ನಾನು ಎಂದೂ ಹೊಡೆದವನಲ್ಲ. ಪ್ರಯೋಗದಲ್ಲಿ ಬಂದ ಅಂಕಿ ಬಿಟ್ಟು ಪುಸ್ತಕದ ಅಂಕಿ ಬರೆದವನಿಗೆ ಮಾತ್ರ ಹೊಡೆದಿದ್ದೇನೆ. ಊರು ಗೊತ್ತಿದೆಯಷ್ಟೆ?”

“ಗೊತ್ತಿದೆ ಸಾರ್.”

ಮತ್ತೆ ಆ ವಿಷಯ ಅವರು ಎತ್ತಲಿಲ್ಲ.

ಮೂರನೆಯ ದಿನ ಗುಳ್ಳೆಗಳು ನಿಂತವು. ಗಾಳಿ ಸೋರುತ್ತಿರುವಾಗ ಒಳಗೆ ನೀರು ಹಾಕಿದರೆ ಅದು ಶ್ವಾಸನಾಳಕ್ಕೇ ಹರಿಯಬಹುದು; ಆದ್ದರಿಂದ ಅಲ್ಲಿಯವರೆಗೆ ಕಾದಿದ್ದು, ಅಂದಿನಿಂದ ಬೆಚ್ಚಗಿನ ಲವಣದ್ರಾವಣದಿಂದ ಎದೆಯನ್ನು ತೊಳೆಯತೊಡಗಿದೆ. ಹಾಕಿದ್ದೆಷ್ಟು, ಬಂದದ್ದೆಷ್ಟು ಎಂಬುದನ್ನು ಕಳೆದು ಮೇಷ್ಟರು ಶುದ್ಧ ಲೆಕ್ಕ ಬರೆದರು. ಮೊದಲ ದಿನ 1100 ಮಿಲಿಲೀಟರ್, ಎರಡನೆಯ ದಿನ 420, ಆಮೇಲೆ 260, 150, 80. ಆರನೆಯ ದಿನ 45. ನಳಿಕೆ ಇರುವುದರಿಂದಲೇ ದೇಹ ಒಂದಿಷ್ಟು ನೀರು ಸುರಿಸುತ್ತದೆ. ಪ್ರಾಣಿಯ ತೂಕದ ಕಿಲೋಗ್ರಾಮಿಗೆ ದಿನಕ್ಕೆ ಎರಡು ಮಿಲಿಲೀಟರ್ ಸುಮಾರಿಗೆ ಇಳಿದರೆ ನಿಶ್ಚಿಂತೆಯೆನ್ನಬಹುದು. ರಾಜನ ತೂಕ ಇಪ್ಪತ್ತನಾಲ್ಕು ಕಿಲೋ. ಸೂಕ್ಷ್ಮದರ್ಶಕದಲ್ಲಿ ರೋಗಾಣುಗಳೂ ಕಾಣಲಿಲ್ಲ. ಏಳನೆಯ ದಿನ ಬೆಳಿಗ್ಗೆ ನಳಿಕೆಯನ್ನು ತೆಗೆದೆ. ಔಷಧವನ್ನು ಆರು ವಾರ ಬಿಡದೆ ಕೊಡಬೇಕೆಂದಾಗ ಹುಡುಗಿ ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ತಾನೇ ಗೆರೆ ಹೊಡೆದಳು. ರಾಜ ಮತ್ತೆ ಐದು ವರ್ಷ ಬದುಕಿದ. ಹುಲ್ಲಿನಲ್ಲಿ ಓಡುವುದಕ್ಕೆ ಮಾತ್ರ ಬಿಡಲಿಲ್ಲ.

2010ರ ಯುಗಾದಿ ಕಳೆದ ಮೇಲೆ ನಾನು ಆ ಊರಿಗೆ ಹೋದೆ. ಗೌಡರು ತೀರಿಕೊಂಡು ಆರು ವರ್ಷವಾಗಿತ್ತು. ಜಗಲಿಯ ಮೇಲೆ ಅವರ ಮಗ ಕುಳಿತಿದ್ದರು. ಗುರುತು ಹೇಳಿ, ಬಂದ ಕಾರಣವನ್ನೂ ಹೇಳಿದೆ. ಪೆಟ್ಟಿನಿಂದಲ್ಲ, ನನ್ನ ಅಲಕ್ಷ್ಯದಿಂದ ಕರಿಯ ಸತ್ತ. ನಿಮ್ಮ ತಂದೆಗೆ ನಾನು ಸುಳ್ಳು ಹೇಳಿದೆ ಎಂದೆ.

ಅವರು ಕೋಪಿಸಿಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ಅಪ್ಪ ಆಮೇಲೆ ನಾಯಿ ಸಾಕಲಿಲ್ಲ,” ಎಂದಷ್ಟೇ ಹೇಳಿದರು. ಒಳಗಿನಿಂದ ಮಜ್ಜಿಗೆ ಬಂತು. ಕುಡಿದು ಲೋಟ ಕೆಳಗಿಟ್ಟೆ. ಎದ್ದು ಹೊರಡಬೇಕೋ ಇನ್ನೂ ಕುಳಿತಿರಬೇಕೋ ತಿಳಿಯದಾಯಿತು. ಆಗ ಅವರೇ ಎದ್ದು ಟವೆಲು ಹೆಗಲಿಗೆ ಹಾಕಿಕೊಂಡರು.

“ಬಂದದ್ದೇ ಬಂದಿರಿ ಸ್ವಾಮಿ. ಕೊಟ್ಟಿಗೇಲಿ ಒಂದು ಹಸ ಎರಡು ದಿನದಿಂದ ಮೇವು ಮುಟ್ಟಿಲ್ಲ. ವಸಿ ನೋಡಿ.”

ಚಪ್ಪಲಿ ಬಿಟ್ಟು, ತೋಳು ಮೇಲೇರಿಸಿಕೊಂಡು ಅವರ ಹಿಂದೆ ಕೊಟ್ಟಿಗೆಗೆ ನಡೆದೆ.